ನಾದಿನಿಯ ಎದುರು ಹಲ್ಲು ತೆಗೆಯುವುದು

ಅಕ್ಟೋಬರ್ ೬, ಸೋಮವಾರ

ಬಾಯಿ ಉರಿಯುತ್ತಿದೆ. ಮಾತಿನ ಉರಿ ನನಗೆ ಹುಟ್ಟಿನಿಂದಲೇ ಉಂಟು, ಅದರ ಬಗ್ಗೆ ದೂರಿಲ್ಲ. ಇದು ಅಂಗುಳಿನ ಉರಿ. ಮೇಲಿನ ಹಲ್ಲುಸೆಟ್ಟು ಕೂರುವ ಜಾಗದಲ್ಲಿ ಯಾರೋ ಒಲೆ ಹೂಡಿದ ಹಾಗಿದೆ. ತುಟಿಯ ಎರಡು ಮೂಲೆಗಳೂ ಒಡೆದು ಹುಣ್ಣಾಗಿವೆ. ನಕ್ಕರೆ ರಕ್ತ ಜಿನುಗುತ್ತದೆ. ಈ ಮನೆಯಲ್ಲಿ ನಗುವ ಸಂದರ್ಭ ಬರುವುದಿಲ್ಲವಾದ್ದರಿಂದ ನಷ್ಟ ಅಷ್ಟೇನಿಲ್ಲ.

ಬೆಳಿಗ್ಗೆ ಒಣಮೀನು ಹುರಿದು ತಂದಿಟ್ಟು ಪ್ರಿಮಿಂಗ್ ನನ್ನ ಮುಖವನ್ನೇ ನೋಡುತ್ತ ಕೂತಳು.

“ನಾಂಗ್ ಟಿಕಾಯ್, ಬಾಯಿ ಮೂಲೇಲಿ ಏನದು? ವಿಷ ಸೋರ್ತಿದೆಯಾ?”

“ನಿನ್ನ ಅಡುಗೆ ಕಣೇ. ಒಳಗಿರಕ್ಕೆ ಒಪ್ತಿಲ್ಲ.”

“ಅನ್ನ ಅಗಿಯೋಕಾಗ್ದೆ ಹಾಗೇ ನುಂಗ್ತಿದ್ದೀರ. ಮುಂದಿನ ತಿಂಗಳು ಪ್ರಾರ್ಥನೆ ಹೇಗೆ ನಡೆಸ್ತೀರಿ? ಕಷ್ಟ ಆದ್ರೆ ಹೇಳಿ, ನಾನಿದ್ದೀನಿ.”

ನಾನಿದ್ದೀನಿ! ಅವಳು ಇರುವುದೇ ನನ್ನ ಕಷ್ಟ. ಪ್ರಿಮಿಂಗ್ ಎಂದರೆ ಪ್ರಿಮಿತಿವಾ, ನನ್ನ ಗಂಡ ಅನಿಸೆತೊನ ತಂಗಿ. ನನ್ನನ್ನು ಕರೆಯುವುದು ಮಾತ್ರ ನಾಂಗ್, ಅಂದರೆ ಅಕ್ಕ ಎಂದು. ಪುರಸಭೆಯ ಜನನ-ಮರಣ ಕಚೇರಿಯಲ್ಲಿ ಕೂತು ನಿವೃತ್ತಳಾದವಳು. ಇನ್ನೂ ಸಾಯದೆ ಓಡಾಡುತ್ತಿರುವವರನ್ನು ಕಂಡರೆ ಅವಳಿಗೆ ಕೆಲಸ ಬಾಕಿ ಉಳಿದ ಹಾಗೆ ಅನಿಸುತ್ತದೆ. ಅನಿಸೆತೊ ಹೋಗುವಾಗ ಮನೆಯನ್ನು ಇಬ್ಬರಿಗೂ ಬಿಟ್ಟು, ತಾನೊಬ್ಬ ನೆಮ್ಮದಿಯಾಗಿ ಹೋದ.

ನವೆಂಬರ್ ಹದಿನೆಂಟಕ್ಕೆ ಅವನು ಹೋಗಿ ಹತ್ತು ವರ್ಷ. ಹತ್ತನೇ ತಾರೀಖಿನಿಂದ ಒಂಬತ್ತು ಸಂಜೆ ಬೀದಿಯವರೆಲ್ಲ ಈ ಹಜಾರದಲ್ಲಿ ಕೂತು ಅವನ ಆತ್ಮಕ್ಕಾಗಿ ಪ್ರಾರ್ಥಿಸಬೇಕು. ಸಂತರ ಹೆಸರನ್ನು ಒಬ್ಬಳು ಮುಂದೆ ಕೂತು ಕರೆಯುತ್ತಾಳೆ, ಉಳಿದವರು ‘ಅವನಿಗಾಗಿ ಬೇಡಿಕೊಳ್ಳಿ’ ಎಂದು ದನಿಗೂಡಿಸುತ್ತಾರೆ. ಆ ಒಬ್ಬಳು ಪ್ರತಿ ವರ್ಷವೂ ನಾನು. ಕಾಲೇಜಿನಲ್ಲಿ ತಲೆಮಾರುಗಳಿಗೆ ಭಾಷಣಕಲೆ ಕಲಿಸಿದ ಬಾಯಿ ಇದು. ಯಾರದೋ ಸಾವಿನ ಮನೆಯಲ್ಲಿ ನನ್ನ ಈ ಓದು ಕೇಳಿಯೇ ಅನಿಸೆತೊ ಮದುವೆಯ ಮಾತೆತ್ತಿದ್ದು. ಅದನ್ನು ಅವನ ತಂಗಿಯ ಬಾಯಿಗೆ ಹಾಕುವುದೆಂದರೆ ಅವನನ್ನು ಎರಡನೇ ಸಲ ಕಳೆದುಕೊಂಡ ಹಾಗೆ. ಮೊದಲ ಸಲ ದೇವರಿಗೆ ಸೋತೆ, ಸರಿ. ಪ್ರಿಮಿಂಗ್‌ಗೆ ಸೋಲಲಾರೆ.

ಅಕ್ಟೋಬರ್ ೯, ಗುರುವಾರ

ಹಲ್ಲಿನ ಡಾಕ್ಟರ ಹತ್ತಿರ ಹೋಗಿಬಂದೆ. ಹೆಣ್ಣು ಡಾಕ್ಟರಿಗೆ ನಮ್ಮಲ್ಲಿ ಡಾಕ್ಟರಾ ಎನ್ನುತ್ತೇವೆ; ಈ ಡಾಕ್ಟರಾ ತುಮುಲಾಕ್ ನನ್ನ ಹಳೆಯ ವಿದ್ಯಾರ್ಥಿನಿ. ಭಾಷಣದ ಪರೀಕ್ಷೆಯಲ್ಲಿ ಬಾಯಿ ತೆರೆಯದೆ ನಿಂತು ಫೇಲಾದವಳು. ಇವತ್ತು ನನ್ನ ಬಾಯಿ ತೆರೆಸಿ ಟಾರ್ಚು ಬಿಟ್ಟು ಹಳೆಯ ಲೆಕ್ಕ ಚುಕ್ತಾ ಮಾಡಿಕೊಂಡಳು.

“ಮ್ಯಾಮ್, ಅಂಗುಳು ಪೂರ್ತಿ ಕೆಂಪು. ಸೆಟ್ಟು ಎಲ್ಲಿ ಮುಗಿಯುತ್ತೋ ಕೆಂಪೂ ಅಲ್ಲೇ ಮುಗಿದಿದೆ, ಗೆರೆ ಎಳೆದ ಹಾಗೆ. ರಾತ್ರಿ ತೆಗೆದಿಡ್ತೀರಾ?”

“ಇಲ್ಲ.”

“ಒಂದು ದಿನಾನೂ?”

“ಬಿರುಗಾಳಿ ಬಂದ್ರೆ ಕತ್ತಲಲ್ಲಿ ಹಲ್ಲು ಹುಡುಕ್ತಾ ಕೂತ್ಕೊಳ್ಳೋದಾ?”

ನಮ್ಮ ಕರಾವಳಿಯಲ್ಲಿ ಎಲ್ಲರೂ ಕೊಡುವ ಕಾರಣ ಇದೇ. ಆ ದೊಡ್ಡ ಬಿರುಗಾಳಿಯಲ್ಲಿ ಶಾಲೆಯ ಕಟ್ಟಡಕ್ಕೆ ಓಡಿದವರಲ್ಲಿ ಮುದುಕರೆಲ್ಲ ಬೋಡುಬಾಯಿ. ಹಲ್ಲು ಲೋಟದಲ್ಲಿ, ಲೋಟ ಸಮುದ್ರದಲ್ಲಿ. ಟಿವಿಯವರು ಬಂದು ಮೈಕು ಹಿಡಿದಾಗ ಸಂತ್ರಸ್ತರೆಲ್ಲ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕಷ್ಟ ಹೇಳಿಕೊಂಡರು. ಅವತ್ತಿನಿಂದ ನಮ್ಮವರು ಚಪ್ಪಲಿ ಬಿಟ್ಟು ಮಲಗುತ್ತಾರೆಯೇ ಹೊರತು ಹಲ್ಲು ಬಿಟ್ಟು ಮಲಗುವುದಿಲ್ಲ.

“ಅದೇ ಎಡವಟ್ಟು. ಈ ಊರಲ್ಲಿ ದಿನಾ ಇಂಥಾ ಬಾಯಿ ನೋಡ್ತೀನಿ. ಒದ್ದೆ ಬೂಟು ಹಗಲೂ ರಾತ್ರಿ ಹಾಕ್ಕೊಂಡೇ ಇದ್ರೆ ಕಾಲು ಏನಾಗುತ್ತೆ ಹೇಳಿ? ಸೆಟ್ಟಿನ ಅಡಿ ಗಾಳಿ ಇಲ್ಲ, ಎಂಜಲು ಆಡಲ್ಲ. ಬೂಷ್ಟು ಬೆಳೆದಿದೆ ಮ್ಯಾಮ್.”

ಬೂಷ್ಟು. ನನ್ನ ಬಾಯಲ್ಲಿ. ಪಾಠ ಮಾಡಿದ ಬಾಯಿ ಹಳೇ ಬ್ರೆಡ್ಡಾಯಿತು.

ಹಳದಿ ಔಷಧ ಕೊಟ್ಟಳು. ಊಟವಾದ ಮೇಲೆ, ಮತ್ತೆ ಮಲಗುವ ಮುಂಚೆ, ಬಾಯಲ್ಲಿ ಆಡಿಸಿ ಹಿಡಿದಿಟ್ಟುಕೊಳ್ಳಬೇಕು. “ಹಲ್ಲು ತೆಗೆದು, ಮ್ಯಾಮ್. ಹಾಕ್ಕೊಂಡೇ ಔಷಧ ಮುಕ್ಕಳಿಸಿದ್ರೆ ಕೊಡೆ ಹಿಡ್ಕೊಂಡು ಸ್ನಾನ ಮಾಡಿದ ಹಾಗೆ. ಸೆಟ್ಟನ್ನ ಬ್ರಶ್ಶಲ್ಲಿ ಸೋಪು ಹಾಕಿ ಉಜ್ಜಿ, ಬೂಷ್ಟು ಅದರಲ್ಲೂ ಇರುತ್ತೆ. ಮೆತ್ತನೆ ಬ್ರಶ್ಶಲ್ಲಿ ಅಂಗುಳು, ನಾಲಿಗೇನೂ ಉಜ್ಜಿ. ರಾತ್ರಿ ತಣ್ಣೀರಲ್ಲಿ ಅದ್ದಿಡಿ, ಬೇಕಿದ್ರೆ ಒಂಚೂರು ವಿನೆಗರ್ ಹಾಕಿ. ಬಿಸಿನೀರು ಮಾತ್ರ ಬೇಡ, ಸೆಟ್ಟು ಸೊಟ್ಟಗಾಗುತ್ತೆ.”

“ಒಂದು ತಿಂಗಳಲ್ಲಿ ಪ್ರಾರ್ಥನೆ ನಡೆಸಬೇಕು.”

“ಹೇಳಿದ ಹಾಗೆ ಮಾಡಿದ್ರೆ ನಡೆಸ್ತೀರಿ.”

ಬಿರುಗಾಳಿಯ ನೆಪ ಅವಳಿಗೆ ಹೇಳಿದೆ. ನಿಜ ಇಲ್ಲಿ ಬರೆಯುತ್ತೇನೆ. ಈ ಮನೆಯಲ್ಲಿ ಮಲಗುವ ಕೋಣೆ ಒಂದೇ. ಇನ್ನೊಂದು ಕೋಣೆಯಲ್ಲಿ ದೇವರ ಪೀಠವಿದೆ, ಅಲ್ಲಿ ಯಾರೂ ಮಲಗುವಂತಿಲ್ಲ. ಅಡುಗೆಮನೆಯ ಪಕ್ಕದ ಗೂಡಿಗೆ ಯಾರು ಮಂಚ ಸಾಗಿಸುತ್ತಾಳೋ ಅವಳು ಆ ಕ್ಷಣದಿಂದ ಬಾಡಿಗೆಯವಳು. ಆದ್ದರಿಂದ ಇಬ್ಬರೂ ಜಾಗ ಬಿಡದೆ ಹತ್ತು ವರ್ಷದಿಂದ ಒಂದೇ ಕೋಣೆಯಲ್ಲಿ, ಎದುರುಬದುರು ಮಂಚದಲ್ಲಿ ಮಲಗಿ ದ್ವೇಷಿಸುತ್ತಿದ್ದೇವೆ. ನನ್ನ ಬೋಡುಬಾಯಿಯನ್ನು ಗಂಡನಿಗೇ ತೋರಿಸಿದವಳಲ್ಲ ನಾನು. ಬೆಳಗಿನ ಬೆಳಕಲ್ಲಿ ಆ ಪ್ರಿಮಿಂಗ್, ಬಾಯ್ತುಂಬ ಸ್ವಂತ ಹಲ್ಲಿಟ್ಟುಕೊಂಡು, ನನ್ನ ಒಳಗೆ ಕುಸಿದ ಮುಖ ನೋಡಿ ನಗುವುದೇ? ಬೂಷ್ಟೇ ಮೇಲು.

ಅಕ್ಟೋಬರ್ ೧೨, ಭಾನುವಾರ

ಔಷಧ ತಪ್ಪದೆ ನಡೆದಿದೆ. ಹಲ್ಲು ಹಾಕಿಕೊಂಡೇ. ಡಾಕ್ಟರಾಗೆ ಗೊತ್ತಾಗುವುದಿಲ್ಲ.

ಬಚ್ಚಲಲ್ಲಿ ನಲ್ಲಿ ಬಿಟ್ಟು, ಸದ್ದು ಕೇಳದ ಹಾಗೆ ಸೆಟ್ಟು ಉಜ್ಜುತ್ತೇನೆ. ಪ್ರಿಮಿಂಗ್ ಬಾಗಿಲು ಬಡಿಯುತ್ತಾಳೆ: “ನಾಂಗ್, ಒಳಗೆ ಹಡಗು ಕಟ್ತಿದ್ದೀರಾ?” ಅವಳು ಒಳಗೆ ಹೋದರೆ ಮಾತ್ರ ನನಗಿಂತ ಹೆಚ್ಚು ಹೊತ್ತು. ಹೆಂಗಸಿಗೆ ಈಚೆಗೆ ಲಿಪ್‌ಸ್ಟಿಕ್ ಹುಚ್ಚು ಬೇರೆ ಹಿಡಿದಿದೆ. ತುಟಿ ಮೀರಿ, ಮೂಲೆಮೂಲೆಗೂ ಮೆತ್ತಿಕೊಂಡು ಬರುತ್ತಾಳೆ. ಯಾರಿಗಾಗಿಯೋ! ಮೀನು ಮಾರುವ ವಿಧುರನ ಮೇಲೆ ನನಗೆ ಅನುಮಾನ. ಪಾಪ, ಅವನು ಒಳ್ಳೆಯವನು.

ಅಕ್ಟೋಬರ್ ೧೯, ಭಾನುವಾರ



ಮಧ್ಯಾಹ್ನ ಪ್ರಿಮಿಂಗ್ ಮಲಗಿದ್ದಳು. ಇದೇ ಸಮಯ ಎಂದು ಅಡುಗೆಮನೆಯಲ್ಲಿ ಸೆಟ್ಟು ತೆಗೆದು, ಡಾಕ್ಟರಾ ಹೇಳಿದ ಹಾಗೆ ನೀರು ಬೆರೆಸಿ ವಿನೆಗರಿನಲ್ಲಿ ಅದ್ದಿದೆ. ನೀರು ಸ್ವಲ್ಪ ಬೆರೆಸಿದೆ, ವಿನೆಗರ್ ಧಾರಾಳ. ಬೇಗ ವಾಸಿಯಾಗಲಿ ಎಂದು. ಅಷ್ಟರಲ್ಲಿ ಅವಳ ಚಪ್ಪಲಿಯ ಸಪ್ಪಳ. ಅರ್ಧಂಬರ್ಧ ತೊಳೆದು ಬಾಯಿಗೆ ತುರುಕಿಕೊಂಡೆ.

ನಮ್ಮ ಮನೆಯ ವಿನೆಗರ್ ಎಂದರೆ ತೆಂಗಿನ ಸೇಂದಿ ಹುಳಿತು, ಅದರಲ್ಲಿ ಬೆಳ್ಳುಳ್ಳಿ, ಶುಂಠಿ, ಬೊಗಸೆಗಟ್ಟಲೆ ಸೂಜಿಮೆಣಸು ತಿಂಗಳಾನುಗಟ್ಟಲೆ ಮುಳುಗಿ ಕೂತು ಸಂಚು ಹೂಡುವ ಬಾಟಲಿ. ಈ ಊರಿನ ಅಡುಗೆಮನೆಗಳಲ್ಲಿ ಬೇರೆ ವಿನೆಗರ್ ಇರುವುದಿಲ್ಲ ಎಂಬುದು ಹುಣ್ಣಾದ ಅಂಗುಳಿಗೆ ಅದು ತಾಗಿದ ಮೇಲೆ ಹೊಳೆಯಿತು.

ಕೂಗಿದೆನಂತೆ. ನನಗೆ ನೆನಪಿಲ್ಲ. ಪಕ್ಕದ ಮನೆಯ ಕರ್ಮೆಲಿಂಗ್ ಕೋಳಿ ಕದಿಯಲು ಯಾರೋ ಬಂದರೆಂದು ದೊಣ್ಣೆ ಹಿಡಿದು ಬಂದಳು.

“ಬಾಟಲಿಗೆ ಮೆಣಸಿನಕಾಯಿ ಯಾಕೆ ಹಾಕ್ದೆ?” ಎಂದೆ ಪ್ರಿಮಿಂಗ್‌ಗೆ, ಕಣ್ಣೀರು ಸುರಿಸುತ್ತ.

“ಯಾಕಂದ್ರೆ ಅದು ಮೀನಿಗೆ! ನೀವು ಕುಡಿದ್ರಾ?”

“ಬೇಕಂತ ಹಾಕಿದ್ದೀಯ!”

“ಹೌದು ನಾಂಗ್, ಮೂರು ತಿಂಗಳ ಹಿಂದೆ ನನಗೆ ಕನಸು ಬಿದ್ದಿತ್ತು, ನೀವು ಮಧ್ಯಾಹ್ನ ಕದ್ದು ವಿನೆಗರ್ ಕುಡೀತೀರಿ ಅಂತ. ಆಗ್ಲೇ ಹಾಕ್ದೆ.”

ಕರ್ಮೆಲಿಂಗ್ ನಕ್ಕಳು. ಆಮೇಲೆ ಪ್ರಿಮಿಂಗ್ ತಣ್ಣನೆಯ ತೆಂಗಿನ ಹಾಲು ತಂದುಕೊಟ್ಟಳು. ಬಾಯಲ್ಲಿ ಹಿಡಿದಿಟ್ಟುಕೊಂಡೆ, ಉರಿ ಇಳಿಯಿತು. ಕರ್ಮೆಲಿಂಗ್ ಮುಂದೆ ಒಳ್ಳೆಯವಳೆನಿಸಿಕೊಳ್ಳಲು ತಂದದ್ದು, ನನಗೆ ಗೊತ್ತಿಲ್ಲವೇ?

ಅಕ್ಟೋಬರ್ ೨೩, ಗುರುವಾರ

ಡಾಕ್ಟರಾ ಒಂದೇ ನೋಟಕ್ಕೆ ಹಿಡಿದಳು.

“ರಾತ್ರಿ ತೆಗೀತಿಲ್ಲ ನೀವು.”

“ತೆಗೀತಿದ್ದೀನಿ.”

“ಮ್ಯಾಮ್, ನನ್ನ ಪರೀಕ್ಷೇಲಿ ನಾನು ಸುಳ್ಳು ಹೇಳಿರ್ಲಿಲ್ಲ.”

ಊತ ಹೆಚ್ಚಾಗಿದೆ. ಮೇಲಾಗಿ ಸೆಟ್ಟು ಸಡಿಲ, ಅಲುಗಾಡಿ ಅಲುಗಾಡಿ ಉಜ್ಜುತ್ತಿದೆ. ಒಳಗಡೆ ಹೊಸ ಅಸ್ತರಿ ಹಾಕಿಸಬೇಕು, ಅದಕ್ಕೆ ಸೆಬು ಪಟ್ಟಣದ ಹಲ್ಲಿನ ಕಾರ್ಖಾನೆಗೆ ಹಡಗಿನಲ್ಲಿ ಕಳಿಸಬೇಕು, ಊತ ಇಳಿಯದೆ ಅಚ್ಚು ತೆಗೆಯುವಂತಿಲ್ಲ, ಸೆಟ್ಟು ಬಿಟ್ಟು ಮಲಗದೆ ಊತ ಇಳಿಯುವಂತಿಲ್ಲ. “ಹೀಗೇ ಆದ್ರೆ ಹತ್ತನೇ ತಾರೀಖು ಸಂತರ ಹೆಸರು ಬಿಡಿ, ನಿಮ್ಮ ಹೆಸರು ಹೇಳೋಕೂ ಆಗಲ್ಲ.”

ದಾರಿಯಲ್ಲಿ ಕರ್ಮೆಲಿಂಗ್ ಸಿಕ್ಕಳು. “ಈ ಸಲ ಪ್ರಿಮಿಂಗ್ ಓದ್ತಾಳಂತೆ?” ಎಂದಳು. ಯಾರು ಹೇಳಿದರು ಎಂದು ಕೇಳಬೇಕಾಗಲಿಲ್ಲ.

ಅಕ್ಟೋಬರ್ ೨೪

ಇವತ್ತೂ ತೆಗೆಯಲಿಲ್ಲ. ಹಾಸಿಗೆಯಲ್ಲಿ ಕೂತು ಸೆಟ್ಟಿಗೆ ಕೈ ಹಾಕಿದೆ. ಎದುರು ಮಂಚದಲ್ಲಿ ಅವಳ ಕಣ್ಣು ತೆರೆದೇ ಇತ್ತು.

ನವೆಂಬರ್ ೧, ಶನಿವಾರ

ದೇವರಿದ್ದಾನೆ. ಸ್ಮಶಾನದಲ್ಲಿದ್ದಾನೆ.

ಸಂತರ ದಿನ. ಊರಿಗೆ ಊರೇ ಸ್ಮಶಾನದಲ್ಲಿ ಚಾಪೆ ಹಾಸಿ, ಮೇಣದಬತ್ತಿ ಹಚ್ಚಿ, ಬುತ್ತಿ ಬಿಚ್ಚಿ ಕೂತಿತ್ತು. ನಾವೂ ಅನಿಸೆತೊನ ಗೋರಿಯ ಎರಡು ಬದಿಗೆ ಕೂತೆವು, ಅವನು ಬದುಕಿದ್ದಾಗ ಊಟದ ಮೇಜಿಗೆ ಕೂರುತ್ತಿದ್ದ ಹಾಗೆಯೇ. ನಾನು ಗಂಜಿ ತಂದಿದ್ದೆ. ಪ್ರಿಮಿಂಗ್ ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿಯ ಬುಡ್‌ಬುಡ್ ಬಿಚ್ಚಿ, ನನ್ನನ್ನು ನೋಡಿಕೊಂಡೇ ಕಚ್ಚಿದಳು.

“ನೀವೂ ತಗೊಳ್ಳಿ ನಾಂಗ್. ಓ, ಮರೆತೆ! ನಿಮ್ಮ ಬಾಯಿ...”

ಅಲ್ಲಿಗೆ ಮಾತು ನಿಂತಿತು. ಬುಡ್‌ಬುಡ್ ಅವಳ ಬಾಯಿಂದ ಹೊರಗೆ ಬಂತು. ಅದರ ಹಿಂದೆಯೇ ಮೇಲಿನ ಸಾಲಿನ ಹಲ್ಲುಗಳೆಲ್ಲ ಬಂದವು, ಅಂಟಿಗೆ ಅಂಟಿಕೊಂಡು, ಗುಲಾಬಿ ಒಸಡಿನ ಸಮೇತ! ಮಿಂಚಿನ ಹಾಗೆ ಹೆಬ್ಬೆರಳಿನಿಂದ ಒಳಗೆ ಒತ್ತಿಕೊಂಡಳು. ಯಾರೂ ನೋಡಲಿಲ್ಲ. ನಾನು ನೋಡಿದೆ. ನಾನು ನೋಡಿದ್ದನ್ನು ಅವಳು ನೋಡಿದಳು.

ಕಟ್ಟಿಸಿದ ಹಲ್ಲು! ಬಾಯ್ತುಂಬ ಸ್ವಂತ ಹಲ್ಲಿನ ಮಹಾರಾಣಿಗೆ ಕಟ್ಟಿಸಿದ ಹಲ್ಲು! ಕರವಸ್ತ್ರದಿಂದ ಬಾಯಿ ಒರೆಸಿಕೊಂಡಾಗ ಲಿಪ್‌ಸ್ಟಿಕ್ಕೂ ಹೋಯಿತು. ಕೆಳಗೆ ಒಡೆದ ಮೂಲೆಗಳು. ನನ್ನವೇ ಮೂಲೆಗಳು, ಅವಳ ಮುಖದಲ್ಲಿ. ಮೀನಿನ ವಿಧುರ ಬಚಾವಾದ.

ಗಂಜಿ ಇಷ್ಟು ರುಚಿಯಾಗಿರುತ್ತದೆಂದು ಗೊತ್ತಿರಲಿಲ್ಲ. ಗೋರಿಯ ಮೇಲೆ ಕೈಯಿಟ್ಟು “ನೋಡಿದ್ಯಾ?” ಎಂದೆ ಅನಿಸೆತೊಗೆ.

ನವೆಂಬರ್ ೨, ಭಾನುವಾರ

ಬೆಳಗಿನಿಂದ ಅವಳು ನನ್ನ ಎದುರು ಬರಲಿಲ್ಲ. ಚರ್ಚಿನ ಸಂಜೆಯ ಗಂಟೆ ಬಾರಿಸಿದ ಮೇಲೆ ಅಡುಗೆಮನೆಯಲ್ಲಿ ಹಿಡಿದೆ.

“ಎಷ್ಟು ವರ್ಷದಿಂದ?”

“ನಿಮಗ್ಯಾಕೆ?”

“ರಾತ್ರಿ ತೆಗೆದಿಡ್ತೀಯಾ?”

“ನಿಮ್ಮೆದುರಿಗಾ? ತಲೆ ಕೆಟ್ಟಿದೆಯಾ ನಂಗೆ?”

ಆಗ ಗೊತ್ತಾಯಿತು. ನಾನು ಅವಳಿಗೆ ಹೆದರಿ, ಅವಳು ನನಗೆ ಹೆದರಿ, ಎರಡು ಮಂಚದಲ್ಲಿ ಇಬ್ಬರು ಮುದುಕಿಯರು ಹತ್ತು ವರ್ಷ ಹಲ್ಲು ಕಚ್ಚಿಕೊಂಡು ಮಲಗಿ ಬೂಷ್ಟು ಬೆಳೆಸಿದ್ದೇವೆ. ದ್ವೇಷಕ್ಕೂ ಒಂದು ಅಳತೆ ಬೇಡವೇ?

“ನಿನಗೂ ಉರಿ ಇದೆ. ತೆಗಿ, ನೋಡ್ತೀನಿ.”

“ನೀವು ಮೊದಲು.”

“ವಯಸ್ಸಲ್ಲಿ ನೀನು ಚಿಕ್ಕವಳು, ನೀನು ಮೊದಲು.”

“ಚಿಕ್ಕವರಿಗೆ ದೊಡ್ಡವರು ದಾರಿ ತೋರಿಸ್ಬೇಕು.”

ಒಪ್ಪಂದವಾಯಿತು: ಮೂರು ಎಣಿಸಿ ಇಬ್ಬರೂ ಒಟ್ಟಿಗೆ. ಎಣಿಸಿದೆವು. ಇಬ್ಬರೂ ಬಾಯಿಗೆ ಕೈ ಹಾಕಿ ಹಾಗೇ ನಿಂತು ಒಬ್ಬರನ್ನೊಬ್ಬರು ನೋಡಿದೆವು.

“ಮೋಸ!” ಎಂದಳು, ಬೆರಳು ಬಾಯಲ್ಲಿಟ್ಟುಕೊಂಡೇ.

“ನೀನು?”

ಮತ್ತೆ ಎಣಿಸಿದೆವು. ಮತ್ತೆ ಮೋಸ, ಎರಡೂ ಕಡೆಯಿಂದ ಸಮಸಮ. ಮೂರನೇ ಸಲ ಎಣಿಸುವಷ್ಟರಲ್ಲಿ ಕರೆಂಟು ಹೋಯಿತು. ಬೀದಿಗೆ ಬೀದಿಯೇ ಕತ್ತಲು. ನಾನು ತೆಗೆದೆ. ಮೇಜಿನ ಮೇಲಿನ ಲೋಟಕ್ಕೆ ಹಾಕಿದೆ. ನನ್ನ ಸದ್ದಿನ ಬೆನ್ನಿಗೇ ಇನ್ನೊಂದು ಲೋಟದಲ್ಲಿ ಇನ್ನೊಂದು ಸದ್ದು.

ಕರೆಂಟು ಕಂಪನಿಯವರಿಗೆ ದಾಕ್ಷಿಣ್ಯವಿಲ್ಲ. ಮೇಣದಬತ್ತಿ ಹುಡುಕುವ ಮೊದಲೇ ದೀಪ ಬಂತು. ಎದುರಿಗೆ ನನ್ನ ಅತ್ತೆ ನಿಂತಿದ್ದರು. ಸತ್ತು ಎಷ್ಟೋ ಕಾಲವಾದ ಅತ್ತೆ, ಅದೇ ಮಡಚಿದ ಬಾಯಿ, ಅದೇ ಚೂಪು ಗದ್ದ.

“ನಿಮಗೆ ವಯಫ್ಫಾಗಿದೆ ನಾಂಗ್,” ಎಂದರು ಅತ್ತೆ.

“ನಿನಗೆ ಆಗಿಲ್ವೇನೇ ಫನಿ!” ಎಂದೆ.

ಶನಿ ಎನ್ನಬೇಕೆಂದಿದ್ದೆ. ಬಾಯಿ ಸಹಕರಿಸಲಿಲ್ಲ.

ನವೆಂಬರ್ ೪, ಮಂಗಳವಾರ

ಪ್ರಿಮಿಂಗ್‌ಳನ್ನು ಡಾಕ್ಟರಾ ಬಳಿಗೆ ಎಳೆದುಕೊಂಡು ಹೋದೆ. ಕಾಳಜಿಯೇನಲ್ಲ, ಅವಳದು ನನಗಿಂತ ಕೆಟ್ಟದಾಗಿದೆ ಎಂದು ಡಾಕ್ಟರಾ ಬಾಯಿಂದಲೇ ಕೇಳಬೇಕಿತ್ತು. ಕೇಳಿದೆ. ನನಗಿಂತ ಕೆಟ್ಟದಾಗಿದೆ. ಅಂಗುಳಿನ ತುಂಬ ಕೆಂಪು ಗುಳ್ಳೆ. ಅಂದುಕೊಂಡಷ್ಟು ಸಂತೋಷವಾಗಲಿಲ್ಲ, ಬಸ್ಸಿನ ಸೆಖೆಗೆ ತಲೆನೋವು ಬಂದಿತ್ತು.

“ಆಸ್ತಮಾ ಪಂಪು ಹೊಡ್ಕೋತೀರಾ?” ಎಂದು ಡಾಕ್ಟರಾ ಅವಳನ್ನು ಕೇಳಿದಳು. “ಹೊಡ್ಕೊಂಡ ಮೇಲೆ ಬಾಯಿ ಮುಕ್ಕಳಿಸ್ತೀರಾ? ಇಲ್ಲ ತಾನೇ? ಬೂಷ್ಟಿಗೆ ಗೊಬ್ಬರ ಹಾಕಿದ್ದೀರ. ಇಬ್ಬರೂ ಸಕ್ಕರೆ ಪರೀಕ್ಷೆ ಮಾಡಿಸ್ಕೊಳ್ಳಿ, ಅದೂ ಒಂದು ಕಾರಣ ಇರಬಹುದು.” ಸಕ್ಕರೆ ಇಬ್ಬರಿಗೂ ಇಲ್ಲವಂತೆ. ನಮ್ಮಲ್ಲಿ ಸಿಹಿ ಎಲ್ಲಿಂದ ಬರಬೇಕು?

ಅವಳಿಗೂ ಅದೇ ಹಳದಿ ಔಷಧ. ಊಟಕ್ಕೆ ಬೇಕಾದರೆ ಹಗಲು ಹಾಕಿಕೊಳ್ಳಬಹುದು, ಉಳಿದ ಹೊತ್ತು ಆದಷ್ಟು ತೆಗೆದಿಡಬೇಕು, ರಾತ್ರಿಯಂತೂ ಖಡಾಖಂಡಿತ.

ಬರುವಾಗ ದಿನಸಿ ಅಂಗಡಿಯಿಂದ ಬಿಳಿ ವಿನೆಗರ್ ತಂದೆ. ಮೆಣಸಿಲ್ಲದ್ದು.

ನವೆಂಬರ್ ೬, ಗುರುವಾರ

ರಾತ್ರಿ ತೆಗೆದಿಡತೊಡಗಿ ನಾಲ್ಕೇ ದಿನ, ಊತ ಇಳಿದಿದೆ. ಡಾಕ್ಟರಾ ಅಚ್ಚು ತೆಗೆದು ನನ್ನ ಸೆಟ್ಟನ್ನು ಸೆಬುವಿಗೆ ಕಳಿಸಿದಳು. ಒಂಬತ್ತಕ್ಕೆ ವಾಪಸು ಬರುತ್ತದೆ, ಹತ್ತಕ್ಕೆ ಪ್ರಾರ್ಥನೆ. ಪ್ರಿಮಿಂಗ್ ಮುಖ ಸಪ್ಪಗಾಯಿತು. ಅವಳು ಬೀದಿ ತುಂಬ ಹೇಳಿಕೊಂಡು ಬಂದಿದ್ದಳಲ್ಲ.

ಔಷಧ ಬಾಯಲ್ಲಿಟ್ಟುಕೊಳ್ಳುವಾಗ ಎದುರುಬದುರು ಕೂರುತ್ತೇವೆ. ಬಿಟ್ಟರೆ ಅವಳು ಬೇಗ ಉಗಿದುಬಿಡುತ್ತಾಳೆ. ನಾನು ಗಡಿಯಾರ ನೋಡುತ್ತೇನೆ, ಅವಳು ನನ್ನ ಕೆನ್ನೆ ನೋಡುತ್ತಾಳೆ. ಆ ಹೊತ್ತಿನಷ್ಟು ಶಾಂತಿ ಈ ಮನೆ ಕಂಡದ್ದಿಲ್ಲ. ಪಂಪು ಹೊಡೆದುಕೊಂಡ ಮೇಲೆ ಮುಕ್ಕಳಿಸಲು ಮರೆಯುತ್ತಾಳೆ. ಹಾಗಾಗಿ ಪಂಪಿನ ಸದ್ದು ಕೇಳಿದ ತಕ್ಷಣ ನೀರಿನ ಲೋಟ ಹಿಡಿದು ಅವಳ ಮುಂದೆ ಹೋಗಿ ನಿಲ್ಲುತ್ತೇನೆ. “ಜೈಲರು!” ಎಂದು ಬೈಯುತ್ತಾಳೆ. ಹಿಂಸೆ ಕೊಡಲು ಇಷ್ಟು ಸುಲಭದ ದಾರಿ ಇಷ್ಟು ವರ್ಷ ಹೊಳೆದಿರಲಿಲ್ಲ.

ನವೆಂಬರ್ ೯, ಭಾನುವಾರ

ಬಿರುಗಾಳಿಯ ಎಚ್ಚರಿಕೆ. ಹಡಗುಗಳೆಲ್ಲ ಬಂದರಿನಲ್ಲೇ ನಿಂತಿವೆ. ಸೆಬುವಿನಲ್ಲಿ ಕರೆಂಟಿಲ್ಲ, ಕಾರ್ಖಾನೆ ಬಂದ್. ನನ್ನ ಹಲ್ಲು ಸಮುದ್ರದ ಆಚೆ, ನಾನು ಈಚೆ.

ಡಾಕ್ಟರಾಗೆ ಫೋನು ಮಾಡಿದೆ. “ಹಲ್ಲಿಲ್ಲದೇನೂ ಓದಬಹುದು ಮ್ಯಾಮ್,” ಎಂದಳು. ಅವಳಿಗೇನು, ಬಾಯ್ತುಂಬ ಹಲ್ಲಿದೆ. ನಿಜವಾದವೋ ಏನೋ, ಈಗ ನನಗೆ ಯಾರ ಮೇಲೂ ನಂಬಿಕೆಯಿಲ್ಲ.

ಅಡುಗೆಮನೆಯಲ್ಲಿ ಪ್ರಿಮಿಂಗ್ ಸೆಟ್ಟು ಹಾಕಿಕೊಂಡು ಗಟ್ಟಿಯಾಗಿ ಓದುವ ಅಭ್ಯಾಸ ಮಾಡುತ್ತಿದ್ದಾಳೆ. ಎರಡು ಹೆಸರು ಬಿಟ್ಟಳು. ಕೂಗಿ ತಿದ್ದಲಿಲ್ಲ. ಬಿಡಲಿ, ನಾಳೆ ಎಲ್ಲರ ಮುಂದೆ ಬಿಡಲಿ.

ಸೋತೆ ಅನಿಸೆತೊ.

ನವೆಂಬರ್ ೧೦, ಸೋಮವಾರ

ಆ ಹೆಂಗಸು ಮಾಡಿದ್ದನ್ನು ವಿವರವಾಗಿ ಬರೆದಿಡುತ್ತೇನೆ, ನಾಳೆ ಅವಳು ಇಲ್ಲ ಎನ್ನಬಾರದು.

ಸಂಜೆ ಹಜಾರ ತುಂಬಿತ್ತು. ಮಳೆಯಲ್ಲೂ ಬಂದಿದ್ದರು. ನಾನು ಎಲ್ಲರಿಗಿಂತ ಹಿಂದೆ, ಗೋಡೆಗೆ ಒರಗಿ, ಕರವಸ್ತ್ರ ಬಾಯಿಗೆ ಹಿಡಿದು ಕೂತೆ. ಮುಂದಿನ ಕುರ್ಚಿಯಲ್ಲಿ ಪ್ರಿಮಿಂಗ್. ಹೊಸ ರವಿಕೆ, ಇಸ್ತ್ರಿ ಮಾಡಿದ ಲಂಗ. ಅನಿಸೆತೊನ ಪಟದ ಮುಂದೆ ಮೇಣದಬತ್ತಿ. ಪುಸ್ತಕ ತೆರೆದಳು. ಕನ್ನಡಕ ಏರಿಸಿದಳು. ಕರ್ಮೆಲಿಂಗ್ ನನ್ನ ಕಡೆ ತಿರುಗಿ “ಅಯ್ಯೋ, ನಿಮ್ಮ ಕೈಲಿ ಆಗ್ಲೇ ಇಲ್ವಾ ನಾಂಗ್?” ಎಂದಳು, ಹಜಾರಕ್ಕೆಲ್ಲ ಕೇಳುವ ಹಾಗೆ.

ಪ್ರಿಮಿಂಗ್ ಓದಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಪಟ ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಇಡೀ ಬೀದಿಯ ಮುಂದೆ ಬಾಯಿಗೆ ಕೈ ಹಾಕಿ ಹಲ್ಲುಸೆಟ್ಟು ಹೊರಗೆ ತೆಗೆದು, ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಳು.



“ಈಗ ಈ ಮನೇಲಿ ಯಾರಿಗೂ ಹಲ್ಲಿಲ್ಲ,” ಎಂದಳು ಬೋಡುಬಾಯಲ್ಲಿ. “ನಾಂಗ್ ಟಿಕಾಯ್, ಇನ್ನೇನು ನೆಪ ನಿಮಗೆ? ಬನ್ನಿ ಈಚೆ. ಓದಿ. ನನ್ನ ಅಣ್ಣ ಹತ್ತು ವರ್ಷದಿಂದ ನಿಮ್ಮ ದನೀಲೇ ಕೇಳಿರೋದು, ಈಗ ನನ್ನದು ಕೇಳಿದ್ರೆ ತಪ್ಪು ಮನೆ ಅಂತ ಎದ್ದು ಹೋಗ್ತಾನೆ.”

ಎಂಥ ಅಹಂಕಾರ! ಎಲ್ಲರ ಮುಂದೆ ನನ್ನನ್ನು ಹೀಗೆ ಎಳೆಯುವುದೇ? ಸಿಟ್ಟಿನಿಂದ ಎದ್ದೆ. ಸಿಟ್ಟಿನಲ್ಲಿ ಕರವಸ್ತ್ರ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ. ಕುರ್ಚಿಯಲ್ಲಿ ಕೂತೆ, ಅವಳು ಪಕ್ಕದ ಮಣೆಯ ಮೇಲೆ ಕೂತು ಪುಸ್ತಕಕ್ಕೆ ಮೇಣದಬತ್ತಿ ಹಿಡಿದಳು. ಓದಿದೆ. ಫಂತ ಮರಿಯಾ. ಫಂತ ಜೊಫೆ. ಮೊದಲ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪ್ರಿಮಿಂಗ್ ತಲೆಯೆತ್ತಿ ನೋಡಿದ್ದಷ್ಟೆ. ಜನನ-ಮರಣ ಕಚೇರಿಯ ಆ ನೋಟಕ್ಕೆ ಎರಡನೇ ನಗು ಹುಟ್ಟಲಿಲ್ಲ. “ಅವನಿಗಾಗಿ ಬೇಡಿಕೊಳ್ಳಿ” ಎಂದು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ಅವಳೇ ಹೇಳಿದಳು. ಪ್ರತಿ ಹೆಸರಿಗೂ. ಕೊನೆಕೊನೆಗೆ ಬಾಯಿಯ ನೆನಪು ಹೋಗಿ ಓದು ಮಾತ್ರ ಉಳಿಯಿತು. ಒಂದು ಹೆಸರೂ ಬಿಡಲಿಲ್ಲ.

ಮುಗಿದ ಮೇಲೆ ಬಿಸಿ ಚಾಕೊಲೇಟು ಹಂಚುವಾಗ ಕರ್ಮೆಲಿಂಗ್ ಹತ್ತಿರ ಬಂದು, ಈ ಸಲ ಯಾರಿಗೂ ಕೇಳದ ಹಾಗೆ ಕೇಳಿದಳು: “ನಾಂಗ್, ನಿಮ್ಮ ಡಾಕ್ಟರಾ ಯಾವ್ಯಾವ ದಿನ ಸಿಗ್ತಾರೆ?”

ಹೇಳಿದೆ. ರಾತ್ರಿ ತೆಗೆದಿಡು ಎಂದೂ ಹೇಳಿದೆ. ವಿನೆಗರಿನ ವಿಷಯ ಹೇಳಲಿಲ್ಲ, ತಾನೇ ಕಲಿಯಲಿ.

ಪ್ರಿಮಿಂಗ್ ಮಾಡಿದ ಈ ಅವಮಾನವನ್ನು ನಾನು ಮರೆಯುವವಳಲ್ಲ. ಗಂಜಿ ಇಬ್ಬರಿಗೂ ಮಾಡಿದೆ. ಒಬ್ಬಳಿಗೆ ಮಾಡಿದರೆ ಪಾತ್ರೆಯ ತಳ ಹಿಡಿಯುತ್ತದೆ.

ನವೆಂಬರ್ ೧೮, ಮಂಗಳವಾರ

ಒಂಬತ್ತು ಸಂಜೆಯೂ ಮುಗಿಯಿತು. ಹಡಗು ಇನ್ನೂ ಹಲ್ಲು ತಂದಿಲ್ಲ. ಎಲ್ಲ ದಿನವೂ ನಾನೇ ಓದಿದೆ. ಇವತ್ತು ಊಟಕ್ಕೆ ಪ್ರಿಮಿಂಗ್ ಮೆತ್ತಗೆ ಬೆಂದ ಹಂದಿಮಾಂಸ ಮಾಡಿಸಿದ್ದಳು, ಅಗಿಯದೆ ನುಂಗುವಂಥದ್ದು. ಉಪ್ಪು ಹೆಚ್ಚಾಗಿತ್ತು. ಹೇಳಿದೆ. ಜಗಳವಾಯಿತು.

ನವೆಂಬರ್ ೨೧, ಶುಕ್ರವಾರ

ನಿನ್ನೆ ಹಲ್ಲು ಬಂತು, ಇವತ್ತು ಇಬ್ಬರೂ ಡಾಕ್ಟರಾ ಬಳಿ ಹೋದೆವು. ನನ್ನ ಅಂಗುಳು ವಾಸಿ. ಹೊಸ ಅಸ್ತರಿಯ ಸೆಟ್ಟು ಅಂಗುಳಿಗೆ ಮುತ್ತಿಟ್ಟ ಹಾಗೆ ಕೂರುತ್ತದೆ. “ಇನ್ನು ಹಗಲೆಲ್ಲ ಆರಾಮಾಗಿ ಹಾಕ್ಕೊಳ್ಳಿ ಮ್ಯಾಮ್, ರಾತ್ರಿ ಮಾತ್ರ ರಜೆ,” ಎಂದಳು. ಪ್ರಿಮಿಂಗ್ ಬಾಯಿ ಇನ್ನೂ ಮಾಗಿಲ್ಲ. ಅವಳು ಎರಡು ವಾರ ಹಗಲೂ ಹಾಕಿಕೊಳ್ಳುವಂತಿಲ್ಲ, ಬೋಡುಬಾಯಲ್ಲೇ ಓಡಾಡಬೇಕು. ಸಂತೆಗೂ, ಚರ್ಚಿಗೂ.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂತಿದ್ದಳು. ಕೊನೆಗೂ ಗೆದ್ದೆ.

ಸೆಟ್ಟು ಡಬ್ಬಿಯಲ್ಲೇ ಇದೆ, ಇನ್ನೂ ಹಾಕಿಕೊಂಡಿಲ್ಲ. ಎರಡು ವಾರ ಬಿಟ್ಟು ಹಾಕಿಕೊಂಡರಾಯಿತು. ಹೊರಗೆ ಮಳೆ ಸುರಿಯುತ್ತಿದೆ, ಆದರೂ ಯಾಕೋ ಹಲ್ಲು ಹಾಕಿಕೊಳ್ಳಲಾಗದಷ್ಟು ಸೆಖೆ.